ಕಲ್ಲು ಮತ್ತು ಪಡುವಣ

ಯಾನ್‌ಹೊಂಗ್ ಚಹಾದ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದಾಳೆ.
ಚಿನ್ನದ ಅಕ್ಷರ, ಹಸಿರು ಬೆಟ್ಟ,
ಮೂಲೆಯಲ್ಲಿ ನಗುವ ಅಜ್ಜಿ.
ನಾನಲ್ಲ. ಯಾರೋ ಪೇಟೆಯವಳು, ಹಲ್ಲು ನೆಟ್ಟಗಿವೆ.
'ಸೆಲೆನಿಯಂ ತುಂಬಿದ ಎನ್ಷಿಯ ಚಹಾ' ಎಂದು ಓದಿ ಹೇಳುತ್ತಾಳೆ,
'ಗುಂಡಿಗೆಗೆ ಒಳ್ಳೆಯದು ಅಜ್ಜಿ.'
ನಾನು ಬೆರಳು ಮಡಚಿಕೊಳ್ಳುತ್ತೇನೆ.

ಆ ವರ್ಷ ಗದ್ದೆಯ ಭತ್ತ ಜೊಳ್ಳಾಯಿತು.
ಮೇಲಿನ ಬೋರೆಯ ಮುಸುಕಿನ ಜೋಳವೇ ಮೂರು ಹೊತ್ತೂ,
ಹೊತ್ತು ಮೂರಿದ್ದ ದಿನ.
ಒಲೆಗೆ, ಬೆಟ್ಟ ಕೆದಕಿದರೆ ಸಿಗುವ ಕರಿಯ ಇದ್ದಲು,
ಉರಿದು ಮುಗಿದರೂ ಕಲ್ಲಾಗಿಯೇ ಉಳಿಯುವಂಥದು.
ಅದರ ಹೊಗೆ ಅಟ್ಟದ ತೆನೆಗೆ,
ಬೂದಿ ಹೊಲಕ್ಕೆ.
ಏನನ್ನೂ ಬಿಸಾಡಿದವರಲ್ಲ ನಾವು.

ಮೊದಲು ಕೋಳಿ.
ಕಾವಿಗಿಟ್ಟ ಹದಿನಾಲ್ಕರಲ್ಲಿ ಒಂದೂ ಬಿರಿಯಲಿಲ್ಲ.
ಅವ್ವ ಒಡೆದು ನೋಡಿದಳು:
ಒಳಗಿನ ಮರಿಗೆ ಕೊಕ್ಕಿರಲಿಲ್ಲ.
ಆಮೇಲೆ ಎಮ್ಮೆ,
ಒಳಗೆ ಬರುವವರು ಕೆರ ಬಿಡುವ ಹಾಗೆ
ಕೆಸರಲ್ಲಿ ಗೊರಸು ಬಿಟ್ಟು ಮುಂದೆ ನಡೆಯಿತು.

ಆಮೇಲೆ ನಾವು.
ಬಾಚಣಿಗೆಗೆ ಬಂದದ್ದು ಎಳೆಯಲ್ಲ, ಜಡೆ.
ನನಗೆ ಹದಿನೇಳು, ಮಾತುಕತೆ ಮುಗಿದಿತ್ತು;
ಕಣಿವೆಯಾಚೆಯ ಪೆಂಗ್ ಮನೆಯವರು
ಕೊಟ್ಟ ಎರಡು ಹಂದಿ ವಾಪಸು ಕೇಳಿದರು.
ಒಂದನ್ನು ತಿಂದಾಗಿತ್ತು.
ಕೇರಿಗೆ ಕೇರಿಯೇ ಬೋಳು,
ಎಲ್ಲರ ಉಸಿರಿಗೂ ಬೆಳ್ಳುಳ್ಳಿಯ ವಾಸನೆ.
ಬೆಳ್ಳುಳ್ಳಿಯ ಮುಖ ಕಂಡು ಎಷ್ಟು ತಿಂಗಳಾಗಿತ್ತೋ!

ಉಗುರು ಬಿಳಿಚಿತು, ಗೆರೆ ಬಿತ್ತು, ಬುಡದಲ್ಲಿ ಬಿರಿಯಿತು.
ತಮ್ಮ ಹ್ವಾಯೂ ತನ್ನ ಹತ್ತನ್ನೂ
ಬೆಂಕಿಪೊಟ್ಟಣದಲ್ಲಿಟ್ಟು
ಗಿಲಕಿಯಂತೆ ಅಲ್ಲಾಡಿಸಿಕೊಂಡು ತಿರುಗುತ್ತಿದ್ದ.

ಉತ್ತರದಿಂದ ಬಂದ ಡಾಕ್ಟರು ಗುವಾನ್,
ನಮ್ಮ ಮಾತು ಅರ್ಧ ತಿಳಿಯದವನು,
ಉಳಿದ ಕೂದಲು ಕತ್ತರಿಸಿ ಕಾಗದದಲ್ಲಿ ಮಡಚಿ
ಹೆಸರು ಬರೆದ.
ಪೊಟ್ಟಣಕ್ಕೂ ಕೈಚಾಚಿದ. ಹ್ವಾಯೂ ರಂಪ ಮಾಡಿ
ಒಂದು ಸೀಸದ ಕಡ್ಡಿಗೆ ಒಪ್ಪಿದ.
'ಆ ಹೊಲದ್ದು ಬೇಡ' ಅಂದ ಡಾಕ್ಟರು. ಹಾಗಾದರೆ ಯಾವ ಹೊಲದ್ದು?
ಗಂಟು ಕಟ್ಟಿ ಹೊಳೆಯ ಕಡೆಗೆ ಇಳಿದೆವು.
ಮರುವರ್ಷ ಕೂದಲು ಬಂತು, ಉಗುರೂ,
ಉಕ್ಕೆ ಹೊಡೆದ ನೆಲದ ಹಾಗೆ ಸಾಲು ಸಾಲು.

ಹನ್ನೆರಡು ವರ್ಷ ಕಳೆದು ಅವನ ಕಾಗದ.
ಶಾಲೆಯ ಮೇಷ್ಟರು ಓದಿದರು:
ನಮ್ಮ ಕಡೆಯ ಮಣ್ಣಲ್ಲಿ ಅದು ಇಲ್ಲವೇ ಇಲ್ಲ.
ನಮ್ಮ ಜೋಳ ಉಂಡ ಹೆಂಗಸರು ಮಕ್ಕಳು
ಚಳಿಗಾಲದ ರಾತ್ರಿ ಹಳದಿ ನೀರು ಕಕ್ಕಿ
ಬೆಳಗಾಗುವುದರೊಳಗೆ ಹೋಗುತ್ತಿದ್ದರು.
ನನ್ನ ತಂಗಿಗೆ ಆರು ವರ್ಷ.
ಅವಳ ಗುಂಡಿಗೆ ದೊಡ್ಡವರದಕ್ಕಿಂತ ದೊಡ್ಡದಿತ್ತು.
ಈಗ ಮಕ್ಕಳಿಗೆ ವಾರಕ್ಕೊಂದು ಗುಳಿಗೆ,
ಒಳಗಿನ ಮದ್ದು ಸಾಸಿವೆಯ ಸಿಪ್ಪೆಯಷ್ಟೂ ಇಲ್ಲ.
ಬದುಕುತ್ತಿದ್ದಾರೆ.
ನಿಮ್ಮ ತಮ್ಮನ ಪೊಟ್ಟಣ ನನ್ನ ಮೇಜಿನ ಮೇಲಿದೆ.
ಆ ಉಗುರುಗಳಲ್ಲಿದ್ದದ್ದು ಆ ಚಳಿಗಾಲ ನಮ್ಮ ಮನೆಯಲ್ಲಿ

'ಇಲ್ಲಿ ಮಸಿ ಹರಡಿದೆ' ಅಂದರು ಮೇಷ್ಟರು.
ಆಮೇಲೆ ಕಡ್ಡಿಯಿಂದ ನೆಲದ ಮೇಲೆ
ಅದರ ಹೆಸರು ಬರೆದು ತೋರಿಸಿದರು.
ಒಂದೇ ಅಕ್ಷರ: ಎಡಕ್ಕೆ ಕಲ್ಲು, ಬಲಕ್ಕೆ ಪಡುವಣ.
ದೂರದೇಶದವರು ಅದನ್ನು
ಚಂದ್ರನ ಹೆಸರಿಂದ ಕರೆಯುತ್ತಾರಂತೆ.
ಇರಬಹುದು. ನನ್ನ ಉಗುರಿನ ಬುಡದಲ್ಲೂ
ಒಂದೊಂದು ಬಿಳಿ ಚಂದ್ರ ಇತ್ತು,
ಹತ್ತೂ ಒಂದೇ ತಿಂಗಳಲ್ಲಿ ಮುಳುಗಿದವು.

'ಎಷ್ಟು ಹಾಕಬೇಕು ಅಂತ ಚೀಟಿಯಲ್ಲಿ ಬರೆದಿದೆಯೇನೇ?'
'ಜಾಗ ಎಲ್ಲಿದೆ? ಅಲ್ಲಿ ಅಜ್ಜಿ ಕೂತಿದ್ದಾಳಲ್ಲ!'
ಯಾನ್‌ಹೊಂಗ್ ನಗುತ್ತಾಳೆ, ಮುಂದಿನ ಡಬ್ಬಿ ಎಳೆದುಕೊಳ್ಳುತ್ತಾಳೆ.
ಅಂಟು ಹಿಡಿಯದೆ ಅಂಚು ಏಳುತ್ತಿದೆ.
ಇತ್ತ ಕೊಡು ಅನ್ನುತ್ತೇನೆ,
ಉಗುರಿನಿಂದ ಒತ್ತಿ ಒತ್ತಿ ಕೂರಿಸುತ್ತೇನೆ.