ಏಳು ಬೆಣೆ

ತೆರೆಂಗಾನು ಹೊಳೆ ಕಡಲು ಸೇರುವಲ್ಲಿ
ಡುಯೊಂಗ್ ನಡುಗಡ್ಡೆ. ಸೆಮಾನಜ್ಜನ ತಗಡಿನ ಚಪ್ಪರ.
ಹತ್ತು ದಿನದಿಂದ ಅದೇ ದಿಮ್ಮಿಯ ಮೇಲೆ ಕೂತು
ಒಂದೇ ಮಾತು ಕೇಳುತ್ತಿದ್ದೇನೆ:
ಯಾವುದರಲ್ಲಿ ಕಟ್ಟಲಿ ನನ್ನ ದೋಣಿಯ ಒಡಲು?

ಹಾಯಿಯ ಮಾತು ಎಂದೋ ಮುಗಿದಿದೆ.
ಅಪ್ಪನ ಸರಕುದೋಣಿಗೆ ಇದ್ದಂಥದೇ,
ಬಿದಿರಿನ ಅಡ್ಡಪಟ್ಟಿ ಕಟ್ಟಿದ, ಬೀಸಣಿಗೆಯಂತೆ ಮಡಚುವ
ಚೀನೀ ಹಾಯಿ ಎರಡು.
ಗಾಳಿ ಕೆರಳಿದರೆ ಒಂದು ಹಗ್ಗ ಸಡಿಲಿಸು, ಸಾಕು,
ಪಟ್ಟಿಯ ಮೇಲೆ ಪಟ್ಟಿ ತಾನೇ ಬಂದು ಕೂರುತ್ತದೆ.
ಐವತ್ತೆಂಟರ ಒಂಟಿ ಹೆಂಗಸಿಗೆ
ಅದಕ್ಕಿಂತ ಬೇರೆ ಉಪಕಾರ ಬೇಡ.

ಆದರೆ ಒಡಲು?

ಫೈಬರ್ ಅಂದರು ಕೆಲವರು. ಅಗ್ಗ, ಹಗುರ.
ಅದರ ಚರ್ಮದಡಿ ನೀರು ಬೊಕ್ಕೆ ಕಟ್ಟುವುದನ್ನು ನೋಡಿದ್ದೇನೆ,
ಚುಚ್ಚಿದರೆ ಹುಳಿ ವಾಸನೆ.
ಅಲ್ಯೂಮಿನಿಯಮ್ಮಿಗೆ ಬಣ್ಣವೇ ಬೇಡ, ನಿಜ;
ತಳದಲ್ಲಿ ಒಂದು ತಾಮ್ರದ ಕಾಸು ಬಿದ್ದು ಮರೆತೆಯೋ,
ಉಪ್ಪುನೀರಲ್ಲಿ ಕೂತು ಆ ಕಾಸು
ಸದ್ದಿಲ್ಲದೆ ಒಡಲನ್ನೇ ಕೊರೆಯುತ್ತದೆ.
ಸಿಮೆಂಟಿನದು ಅಗೋ, ಅಳಿವೆಯ ಕೆಸರಲ್ಲಿ ಅರ್ಧ ಹೂತಿದೆ,
ಮೇಲೆ ಯಾರದೋ ಮೇಕೆ.

ಮನಸ್ಸು ಮರದ ಮೇಲಿತ್ತು, ಸುಳ್ಳು ಹೇಳಲಾರೆ.
ಚೆಂಗಾಲ್ ಹಲಗೆ, ಅಂಚಿಗೆ ಅಂಚು,
ಮೊಳೆಯಿಲ್ಲ, ಮರದ ಗೂಟವೇ;
ಸಂದಿಗೆ ಗೆಲಾಂ ತೊಗಟೆಯ ತೆಳು ಪದರ,
ನೀರು ಕುಡಿದು ಉಬ್ಬಿ ತಾನೇ ಬಾಯಿ ಮುಚ್ಚುವಂಥದು.
ನಕ್ಷೆಯಿಲ್ಲ. ಅಜ್ಜ ಕಣ್ಣಲ್ಲೇ ಅಳೆಯುತ್ತಾನೆ.

ಅವನೇ ಬೇಡವೆಂದ.

ಉಳಿ ಕೆಳಗಿಟ್ಟು ನನ್ನ ಮುಂಗೈ ಹಿಡಿದ.
ಮೂವತ್ತು ವರ್ಷ ಕೆಮಾಮಾನಿನ ಹಡಗುಕಟ್ಟೆಯಲ್ಲಿ
ವೆಲ್ಡಿಂಗ್ ಕಿಡಿ ಸುಟ್ಟ ಚುಕ್ಕೆಗಳನ್ನು
ಎಳ್ಳು ಎಣಿಸುವವನಂತೆ ಬೆರಳಲ್ಲಿ ಮುಟ್ಟಿದ.
"ಗ್ಯೋಕ್ ಸುವಾನ್, ಮರಕ್ಕೆ ಹುಳ, ಕಬ್ಬಿಣಕ್ಕೆ ತುಕ್ಕು.
ಕಾಯಿಲೆಯಿಲ್ಲದ ಒಡಲನ್ನು ದೇವರು ಇನ್ನೂ ಮಾಡಿಲ್ಲ.
ಯಾವ ಕಾಯಿಲೆಯ ಮದ್ದು ನಿನ್ನ ಕೈಯಲ್ಲಿದೆಯೋ
ಅದನ್ನೇ ಕಟ್ಟಿಕೋ.
ಸುಲು ಕಡಲ ಯಾವುದೋ ದ್ವೀಪದಲ್ಲಿ ಹಲಗೆ ಬಿರಿದರೆ
ನಾನು ಬರಲಾರೆ.
ಇನ್ನು ಸ್ವಲ್ಪ ದಿನಕ್ಕೆ ಈ ಚಪ್ಪರಕ್ಕೂ ಬರಲಾರೆ."

ಸುತ್ತಿಗೆಯಲ್ಲಿ ತಟ್ಟಿದರೆ ಉಕ್ಕು ನನಗೆ ಹೇಳುತ್ತದೆ
ಎಲ್ಲಿ ಸವೆದಿದ್ದೇನೆ ಎಂದು. ಹೌದು. ಆ ಭಾಷೆ ಬರುತ್ತದೆ.
ಇಷ್ಟು ದಿನ ಬೇಡವೆಂದದ್ದೂ ಅದಕ್ಕೇ:
ನಿವೃತ್ತಳಾದ ಮೇಲೂ
ಅದರೊಡನೆಯೇ ಮಾತಾಡುತ್ತ ಕೂರಬೇಕೆ ಎಂದು.

ನಾಲ್ಕು ಮಿಲಿಮೀಟರಿನ ಹಾಳೆಗಳು ಭಾನುವಾರ ಬಂದವು.
ಸಂಜೆ ಅಜ್ಜ ಮೊಮ್ಮಗನ ಬೈಕಿನ ಹಿಂದೆ ಕೂತು ಬಂದ,
ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ಕೊಟ್ಟು
ಚಹಾ ಕೂಡ ಕುಡಿಯದೆ ಹೋದ.

ಒಳಗೆ ಮೆದು ಮರದ ಬೆಣೆಗಳು,
ತುದಿ ಚೂಪು, ಬುಡ ದಪ್ಪ, ದಾರಕ್ಕೆ ಒಂದೊಂದು ರಂಧ್ರ.
ನೀರಿನ ಮಟ್ಟದ ಕೆಳಗೆ ನನ್ನ ನಕ್ಷೆಯಲ್ಲಿ
ಕೊಳವೆ ಹಾಯುವ ತೂತು ಏಳು.
ನಕ್ಷೆ ಓದಲು ಬಾರದವನು
ಎಣಿಸಿಕೊಂಡು ಹೋಗಿದ್ದ.