ಬಾಕಿ ಮೂರು ರೂಪಾಯಿ

ಹೊಳೆನರಸೀಪುರದ ಸ್ಟ್ಯಾಂಡಿನಲ್ಲಿ, ಫುಟ್‌ಬೋರ್ಡಿಗೆ ಜೋತು
ದಿನಕ್ಕೆ ನಾಲ್ಕು ಸಲ ಕೂಗುತ್ತೇನೆ:
ಆಸ್ನ, ಆಸ್ನ, ಆಸ್ನ.
ಹಕಾರ ನುಂಗುವುದು ನನ್ನ ತಪ್ಪಲ್ಲ,
ನಮ್ಮವ್ವನೂ ನುಂಗಿದ್ದಳು, ಅವಳವ್ವನೂ.
ಅದೇ ಮಾತು ಪುಸ್ತಕದಲ್ಲಿ ಸಿಕ್ಕಾಗ
ಕಿಟಕಿ ಸೀಟು ಹಿಡಿದವಳ ಹಾಗೆ ಖುಷಿಯಾಯಿತು.
ಆಸನ. ಅಲುಗಬಾರದಂತೆ, ನೋಯಬಾರದಂತೆ.
ಅರವತ್ತೆರಡು ಜನ ನಿಂತ ಗಾಡಿಯಲ್ಲಿ
ಇದನ್ನು ಯಾರಿಗೆ ಹೇಳಲಿ?

ಪುಸ್ತಕ ಮೂರು.
ಮೊದಲನೆಯದು ಧರಣೇಂದ್ರಯ್ಯನವರದು.
ಕಟ್ಟಿನಕೆರೆ ಮಾರ್ಕೆಟ್ಟಿನ ಹಿಂದೆ ರಬ್ಬರ್ ಸ್ಟ್ಯಾಂಪು ಕೆತ್ತುತ್ತಾರೆ,
ಅಕ್ಷರವನ್ನು ಹಿಂದುಮುಂದಾಗಿ ಓದಬಲ್ಲವರು.
ರಟ್ಟು ಹೋಗಿದೆ, ಅನುವಾದಿಸಿದವರ ಹೆಸರಿನ ಹಾಳೆ
ಹುಳದ ಹೊಟ್ಟೆಯಲ್ಲಿದೆ.
ಕನ್ನಡವೇ, ಆದರೆ ಮಡಿ ಉಟ್ಟ ಕನ್ನಡ,
ನಾನು ಮುಟ್ಟಿದರೆ ಮತ್ತೆ ಮಿಂದು ಬರುತ್ತದೆ.
ಎರಡನೆಯದು ಇಪ್ಪತ್ತು ರೂಪಾಯಿನದು, ನ್ಯೂಸ್‌ಪ್ರಿಂಟು,
ಮುಖಪುಟದಲ್ಲಿ ತಲೆಕೆಳಗಾಗಿ ನಿಂತ ಗಂಡಸು.
ಮೂರನೆಯದು ಇಂಗ್ಲಿಷು, ಯಾರೋ ಸೀಟಿನಡಿ ಬಿಟ್ಟು ಇಳಿದದ್ದು.
ಡಿಪೋಗೆ ಒಪ್ಪಿಸಿದೆ. ಆರು ತಿಂಗಳು ಯಾರೂ ಕೇಳಲಿಲ್ಲ.
ಸ್ಟೋರಿನ ಸುಶೀಲೇಂದ್ರ, "ತಗೊಂಡೋಗಿ ಮೇಡಂ, ಇಲಿ ಬರ್ತವೆ" ಅಂದರು.
ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಹಿಡಿದು ಅದರೊಳಗೆ ನಡೆಯುವುದು
ಕರೆಂಟು ಹೋದಾಗ ಬೇರೆಯವರ ಅಡುಗೆಮನೆಯಲ್ಲಿ
ನೀರಿನ ಲೋಟ ಹುಡುಕಿದ ಹಾಗೆ.

ವೃತ್ತಿ ಎಂಬಲ್ಲಿ ಮೊದಲ ದಿನವೇ ಎಡವಿದೆ.
ನನಗೆ ಗೊತ್ತಿದ್ದದ್ದು ಅರ್ಜಿ ಫಾರಮ್ಮಿನ ವೃತ್ತಿ:
ನಿರ್ವಾಹಕಿ.
ಚಿತ್ತಕ್ಕೂ ವೃತ್ತಿ ಇದ್ದರೆ ಡ್ಯೂಟಿ ಚಾರ್ಟೂ ಇರಬೇಕು,
ವಾರಕ್ಕೊಂದು ರಜೆ ಇರಬೇಕು ಅಂದೆ.
ಧರಣೇಂದ್ರಯ್ಯ ನಗಲಿಲ್ಲ.
"ಅದೇ ಕಣಮ್ಮ ಕೆಂಚಮ್ಮ, ರಜದ ವಿಷಯವೇ ಈ ಪುಸ್ತಕ."

ಇನ್ನು ನಿರೋಧ.
ಗಟ್ಟಿಯಾಗಿ ಓದಿದ್ದಕ್ಕೆ ರೆಸ್ಟ್‌ರೂಮಿನಲ್ಲಿ ಹುಡುಗಿಯರು
ಟವೆಲು ಬಾಯಿಗಿಟ್ಟು ಬಿದ್ದು ಬಿದ್ದು ನಕ್ಕರು.
ಸರ್ಕಾರಿ ಆಸ್ಪತ್ರೆ ಗೋಡೆಯ ಮೇಲಿನದೂ
ಒಂದು ಅನುವಾದವೇ ಇರಬೇಕು.
ಮಡಿಯ ಪುಸ್ತಕ 'ನಿಗ್ರಹ' ಅನ್ನುತ್ತದೆ, ಕೈಯಲ್ಲಿ ಬೆತ್ತ.
ನ್ಯೂಸ್‌ಪ್ರಿಂಟು 'ಮನಸ್ಸನ್ನು ಸಾಯಿಸಿ' ಎಂದು ಅಪ್ಪಣೆ ಮಾಡುತ್ತದೆ,
ಇಪ್ಪತ್ತು ರೂಪಾಯಿಗೆ.
ಇಂಗ್ಲಿಷಿನದು ಸೆಸೇಶನ್.
ಡಿಕ್ಷನರಿ ತೆಗೆದರೆ ಅದಕ್ಕೆ ನಿಲುಗಡೆ.
ಸದ್ಯ! ನಿಲುಗಡೆ ನನಗೆ ಗೊತ್ತು.
ಮೊಸಳೆಹೊಸಳ್ಳಿಯಲ್ಲಿ ಎರಡು ನಿಮಿಷ,
ಮಿಕ್ಕ ಕಡೆ ಕೋರಿಕೆ ನಿಲುಗಡೆ.

ಕೋರಿಕೆ, ನಿಲುಗಡೆ.
ಎಂಟು ವರ್ಷದಿಂದ ದಾರಿಬದಿಯ ತಗಡಿನ ಮೇಲೆ ಬರೆದೇ ಇತ್ತು,
ನಾನೇ ಸೀಟಿ ಊದಿ ನಿಲ್ಲಿಸುತ್ತಿದ್ದೆ,
ನಾನೇ ರೈಟ್ ಅಂದು ಹೊರಡಿಸುತ್ತಿದ್ದೆ.
ಓಡಿಹೋಗಿ ಧರಣೇಂದ್ರಯ್ಯನವರಿಗೆ ಹೇಳಿದೆ.
ಉಳಿ ಕೆಳಗಿಟ್ಟರು, ಕನ್ನಡಕ ತೆಗೆದರು,
ಬಹಳ ಹೊತ್ತು ಸುಮ್ಮನಿದ್ದು
"ವ್ಯಾಕರಣ ಒಪ್ಪೋದಿಲ್ಲ" ಅಂದರು.
ಆಮೇಲೆ ಟೀ ತರಿಸಿದರು.

ಈಗ ಹೆಂಗಸರಿಗೆ ಸೊನ್ನೆ ಟಿಕೆಟ್ಟು.
ಸೊನ್ನೆಯನ್ನೂ ಹರಿದು ಕೈಗೆ ಕೊಡಲೇಬೇಕು,
ಇಲ್ಲದಿದ್ದರೆ ಚೆಕಿಂಗಿನವರು ನನಗೆ ಮೆಮೊ ಕೊಡುತ್ತಾರೆ.
ಚಿಲ್ಲರೆ ಜಗಳ ಗಂಡಸರದು ಮಾತ್ರ.
ಇಲ್ಲದಾಗ ಟಿಕೆಟ್ಟಿನ ಹಿಂದೆ ಬರೆದುಕೊಡುತ್ತೇನೆ: ಬಾಕಿ ೩.
ಎಷ್ಟೋ ಜನ ಮರೆತು ಇಳಿಯುತ್ತಾರೆ.
ಸಂಜೆ ಲೆಕ್ಕ ಕಟ್ಟುವಾಗ ಆ ಮೂರು ಮೂರು ರೂಪಾಯಿ
ಚೀಲದ ತಳದಲ್ಲಿ, ಯಾರದೂ ಅಲ್ಲದ ಹಾಗೆ.
ಅನುವಾದ ಮಾಡಿದವರೂ
ಇಷ್ಟು ಕೊಟ್ಟಿದ್ದೇನೆ, ಇಷ್ಟು ಬಾಕಿ ಅಂತ
ಹಾಳೆಯ ಹಿಂದೆಲ್ಲೋ ಗೀಚಿರುತ್ತಾರೆ.
ನಾನೇ ತಿರುಗಿಸಿ ನೋಡಿಲ್ಲ.

ಕೊನೇ ಟ್ರಿಪ್ಪು. ಹೇಮಾವತಿ ಹಿಂದೆ ಉಳಿಯಿತು.
ನನ್ನ ಸೀಟಿನಲ್ಲಿ ಯಾರದೋ ಕೂಸು ನಿದ್ದೆಹೋಗಿದೆ.
ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದೇನೆ, ಅಲುಗುತ್ತ.
ಹಿಂದಿನಿಂದ ಒಬ್ಬರು,
"ಇನ್ನೆಷ್ಟೊತ್ತು ಮೇಡಂ, ಆಸ್ನ?"