ಕಳಿವು

ಬಾಗಲೂರು ದಾಟಿ, ಗುಲಾಬಿ ತೋಟದ ಪ್ಲಾಸ್ಟಿಕ್ ಚಪ್ಪರಗಳು ಮುಗಿದಲ್ಲಿ
ನಮ್ಮ ಹ್ಯಾಚರಿ. ಬೆಳಗಿನ ಜಾವ ಮೂರೂವರೆಗೆ ಗಾಡಿ.
ತಲೆಗೆ ಹಸಿರು ಟೋಪಿ, ಬಾಯಿಗೆ ಬಟ್ಟೆ,
ಬಳೆ ಬಿಚ್ಚಿ ಡಬ್ಬಿಗೆ ಹಾಕಿ ಒಳಗೆ ಹೋಗಬೇಕು.

ಒಂದು ದಿನದ ಮರಿಗೆ ತೂಕವಿಲ್ಲ,
ಬಿಸಿ ಮಾತ್ರ.
ಬೀಸಣಿಗೆಯ ಹಾಗೆ ರೆಕ್ಕೆ ಬಿಡಿಸಬೇಕು.
ಎರಡು ಸಾಲು ಪುಕ್ಕ:
ಒಂದುದ್ದ ಒಂದು ಗಿಡ್ಡ ಇದ್ದರೆ ಹೆಣ್ಣು, ನೀಲಿ ಟ್ರೇ.
ಎರಡೂ ಸಮ ಇದ್ದರೆ ಗಂಡು.
ಗಂಡಿಗೆ ಟ್ರೇ ಇಲ್ಲ, ಡ್ರಮ್ಮು.

ಗಂಟೆಗೆ ಸಾವಿರ ದಾಟಿಸಿದರೆ ಟೀ ಜೊತೆ ಬಿಸ್ಕತ್ತು.
ಹೊಸಬರಿಗೆ ಸೂಪರ್‌ವೈಸರ್ ಸೆಲ್ವಕುಮಾರ್ ನನ್ನನ್ನೇ ತೋರಿಸುತ್ತಾನೆ:
ಮುನಿರತ್ನಮ್ಮನ ಬೆರಳು ನೋಡಿ, ಕಣ್ಣೇ ಬೇಡ ಆಕೆಗೆ.

ಕೆಲಸ ಮುಗಿದ ಮೇಲೆ ಅವನು ಪುಸ್ತಕದಲ್ಲಿ ಬರೆಯುವುದು ತಮಿಳಲ್ಲಿ:
ಪೆಣ್ಣು ಇಷ್ಟು. ಅದರ ಕೆಳಗೆ, ಕಳಿವು ಇಷ್ಟು.
ಪೆಣ್ಣು ನಮಗೂ ತಿಳಿಯುತ್ತದೆ, ಒಂದಕ್ಷರ ತಾನೇ ಆಚೀಚೆ.
ಕಳಿವು ಅಂದರೇನು ಅಂತ ಒಂದು ದಿನ ಕೇಳಿದೆ.
ಅದೇ, ಕಸ, ಅಂದ.
ಅಲ್ಲಿಯವರೆಗೆ ನಾನು ಕಳೆ ಅಂದುಕೊಂಡಿದ್ದೆ,
ರಾಗಿ ಹೊಲದಲ್ಲಿ ನಮ್ಮಮ್ಮ ಕೀಳುತ್ತಿದ್ದಳಲ್ಲ, ಅದು.
ಕೀಳುವಾಗ ಕಳೆ ಚಿಂವ್ ಅನ್ನುತ್ತಿರಲಿಲ್ಲ.

ಮೂರು ಹೆತ್ತೆ, ಮೂರೂ ಹೆಣ್ಣು.
ಮೂರನೆಯದಕ್ಕೆ ಅತ್ತೆ ಆಸ್ಪತ್ರೆಯ ಬಾಗಿಲಿಂದಲೇ ಹಿಂದಿರುಗಿದಳು,
ಕೈಯಲ್ಲಿದ್ದ ಬೆಲ್ಲದ ಸಮೇತ.
ಇಲ್ಲಿ ಸೇರಿದ ಮೊದಲ ವಾರ ನನಗೆ ನಗು ಬಂದಿತ್ತು, ಸುಳ್ಳು ಹೇಳುವುದಿಲ್ಲ:
ಅಬ್ಬ, ಹೆಣ್ಣೇ ಬೇಕೆನ್ನುವ ಮನೆ ಒಂದಾದರೂ ಇದೆಯಲ್ಲ ಭೂಮಿ ಮೇಲೆ!
ಆಮೇಲೆ ನೀಲಿ ಟ್ರೇ ಹೋಗುವ ಜಾಗ ನೋಡಿಬಂದೆ.
ಕಾದ ಅಲಗಿಗೆ ಕೊಕ್ಕಿನ ತುದಿ,
ಮಡಿಸಿದ ಪೇಪರಿನಷ್ಟಗಲ ತಂತಿಯ ಮನೆ,
ವರ್ಷದ ಮೇಲೆ ಮೂರು ತಿಂಗಳು ಮೊಟ್ಟೆ. ಆಮೇಲೆ ಲಾರಿ.
ನಗು ನಿಂತಿತು.

ಒಮ್ಮೊಮ್ಮೆ ಡ್ರಮ್ಮಿನಿಂದ ಒಂದೆರಡು ಪೆಟ್ಟಿಗೆ ಹಿಂಬಾಗಿಲಿಂದ ಹೋಗುತ್ತವೆ.
ಗುಲಾಬಿ, ಹಸಿರು, ನೇರಳೆ ಬಣ್ಣದಲ್ಲಿ ಅದ್ದಿ
ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಹತ್ತು ರೂಪಾಯಿಗೊಂದು.
ಕಿರಿಯವಳು ಭುವನ ತಂದಳು, ಹಸಿರಿನದು,
ಟಿಫನ್ ಡಬ್ಬಿಯಲ್ಲಿ, ಮುಚ್ಚಳ ಅರ್ಧ ತೆರೆದು.
ರೆಕ್ಕೆ ಬಿಡಿಸಿ ನೋಡಲಿಲ್ಲ ನಾನು.
ಅದೇ ನನ್ನ ಬೆರಳು ಕುಟುಕಿತು, ಗುರುತಿದ್ದ ಹಾಗೆ.

ಎರಡು ದಿನವೂ ಬದುಕುವುದಿಲ್ಲ ಅಂದೆ.
ಬದುಕಿತು. ಹಸಿರು ಉದುರಿ ಬಿಳಿ ಬಂತು,
ನೆತ್ತಿಯಲ್ಲಿ ಹಲ್ಲು ಮುರಿದ ಕೆಂಪು ಬಾಚಣಿಗೆ.
ಭುವನ ಅದರ ಮುಂದೆ ಕೂತು ಮಗ್ಗಿ ಒಪ್ಪಿಸುತ್ತಿದ್ದಳು.

ಕಥೆಯ ಅಜ್ಜಿಗೆ ಜಂಬ,
ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗು ಅಂತ.
ಆಕೆಯನ್ನು ನೋಡಿ ನಾವೆಲ್ಲ ನಕ್ಕವರೇ.
ಈಗ ನಮಗೆ ಬೆಳಗಾಗುವುದು ಫ್ಯಾಕ್ಟರಿ ಸೈರನ್ನಿಗೆ.
ಅಜ್ಜಿ ಸೋತಳು, ಸರಿ.
ಆದರೆ ಬೆಳಗಾಗಲು ಬೇಡವಾದದ್ದು ಬದುಕಲೂ ಬೇಡವೆಂದು
ತೀರ್ಮಾನವಾದದ್ದು ಯಾವ ಕಟ್ಟೆಯಲ್ಲಿ?
ಆ ಪಂಚಾಯ್ತಿಗೆ ನನ್ನನ್ನು ಕರೆದಿರಲಿಲ್ಲ.
ಕೈಗೆ ಮಾತ್ರ ಹೇಳಿ ಕಳಿಸಿದರು.

ಮೊನ್ನೆ ಕತ್ತಲಲ್ಲಿ ಗಾಡಿಗೆ ಕಾಯುತ್ತಿದ್ದೆವು.
ಹಿತ್ತಲಿಂದ ಸದ್ದು:
ತುಕ್ಕು ಹಿಡಿದ ಕೈಪಂಪಿನ ಹಾಗೆ, ಅರ್ಧಕ್ಕೇ ಮುರಿದು,
ಮತ್ತೆ ಎತ್ತಿಕೊಂಡು.
ಏನೇ ಅದು? ಜೊತೆಯ ಮಾರಕ್ಕ ಬೆಚ್ಚಿದಳು.
ನಾಲ್ಕು ವರ್ಷದಲ್ಲಿ ಎಷ್ಟು ಲಕ್ಷ ಗಂಡು ಈ ಕೈ ದಾಟಿವೆಯೋ,
ಕೂಗು ಕೇಳಿದ್ದು ಅದೊಂದೇ.

ಗಾಡಿ ಬಂತು. ಹತ್ತಿದೆ.
ಮನೆ ಬಾಡಿಗೆ, ಮೂರು ಮಕ್ಕಳ ಸ್ಕೂಲು.
ಬಳೆ ಬಿಚ್ಚಿ ಡಬ್ಬಿಗೆ ಹಾಕಿದೆ.
ಮೊದಲ ಮರಿ. ರೆಕ್ಕೆ ಬಿಡಿಸಿದೆ. ಸಮ.

ಆವತ್ತು ಗಂಟೆಗೆ ಆರುನೂರೂ ದಾಟಲಿಲ್ಲ.
ಟೀ ಲೋಟ ಕೊಡುತ್ತಾ ಸೆಲ್ವಕುಮಾರ್
ಏನಾಯಿತಮ್ಮ ಕೈಗೆ, ಅಂದ.